ನೂರಕ್ಕೆ ನಾಲ್ಕು ಕೊಡದ ಬಿಂಗ್-ಕುನ್

ವೆಂಗ್ ಬಿಂಗ್-ಕುನ್ ಕಳೆದ ಗುರುವಾರ ಬೆಳಿಗ್ಗೆ ತೀರಿಕೊಂಡ. ತೈವಾನಿನ ಚಿಯಾಯಿ ಊರಿನ ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ, ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ಮೆಟ್ಟಿಲ ಬುಡದಲ್ಲಿ. ಹೃದಯ ನಿಂತಿತು ಎಂದರು ವೈದ್ಯರು. ಅದೊಂದಾದರೂ ಯಾರ ಮಧ್ಯಸ್ಥಿಕೆಯೂ ಇಲ್ಲದೆ ನಡೆಯಿತಲ್ಲ ಎಂದು ಸ್ನೇಹಿತರು ಅಳುತ್ತಲೇ ಹೇಳಿಕೊಂಡರು.

ಮಧ್ಯೆ ನಿಂತವರನ್ನು ಕಂಡರೆ ಬಿಂಗ್-ಕುನ್‌ಗೆ ಮೊದಲಿನಿಂದಲೂ ಮೈಯುರಿ. ಮದುವೆಯ ವಯಸ್ಸಿನಲ್ಲಿ, ಹೆಣ್ಣು ಕೇಳಲು ಮಧ್ಯಸ್ಥಗಾರ್ತಿಯನ್ನು ಕಳಿಸದೆ, ಅವಳಿಗೆ ಕೊಡಬೇಕಾದ ದುಡ್ಡಿನ ಕೆಂಪು ಲಕೋಟೆ ಉಳಿಸಿ, ಒಂದು ಡಬ್ಬಿ ಅನಾನಸ್ ಕೇಕ್ ಹಿಡಿದು ತಾನೇ ಹೋಗಿ ಮಾವನ ಮುಂದೆ ಕೂತ. "ನಿನ್ನ ಪರವಾಗಿ ಮಾತಾಡೋರು ಯಾರಪ್ಪ?" ಎಂದು ಮಾವ ಕೇಳಿದರೆ, "ನನ್ನ ಬಾಯನ್ನ ಯಾರಿಗೂ ಬಾಡಿಗೆಗೆ ಕೊಟ್ಟಿಲ್ಲ" ಎಂದ. ಹೆಂಡತಿ ಚಾಯ್-ಯೂನ್ ಜೀವಮಾನವಿಡೀ ಈ ಕತೆಗೆ ತನ್ನದೊಂದು ಬಾಲ ಸೇರಿಸುತ್ತಿದ್ದಳು: "ಮಧ್ಯಸ್ಥಗಾರ್ತಿ ಬಂದಿದ್ರೆ ಇವನ ವಿಷಯ ನನಗೆ ಮೊದಲೇ ಹೇಳಿರೋಳು."

ಬಸ್ ಕಂಪನಿಯಲ್ಲಿ ಅವನದು ಟಿಕೆಟ್ ತಪಾಸಣೆಯ ಕೆಲಸ. ಟಿಕೆಟ್ ಇಲ್ಲದವನ ಮುಖ ಬಸ್ಸು ಹತ್ತುವ ಮೊದಲೇ ತನಗೆ ಗೊತ್ತಾಗುತ್ತದೆ ಎಂದು ನಂಬಿದ್ದ. ನಿವೃತ್ತನಾದ ಮೇಲೆ ಈ ವಿದ್ಯೆಗೆ ಕೆಲಸವಿಲ್ಲದೆ ಅವನು ಒಣಗುತ್ತಿದ್ದಾಗ ಮನೆ ಮಾರುವ ಪ್ರಸಂಗ ಬಂತು.

ಪ್ರಸಂಗಕ್ಕೆ ಕಾರಣ ಚಾಯ್-ಯೂನಳ ಮಂಡಿ. ಮನೆ ಐದನೇ ಮಹಡಿಯಲ್ಲಿ. ಅವಳ ಎರಡೂ ಮಂಡಿ ಸವೆದು, ಮೆಟ್ಟಿಲು ಇಳಿದರೆ ಮತ್ತೆ ಹತ್ತಲಾರದ ಸ್ಥಿತಿಗೆ ಬಂದಿತ್ತು. ಹಾಗಾಗಿ ಇಳಿಯುವುದನ್ನೇ ಬಿಟ್ಟಳು. ಸಂಜೆ ಕಸದ ಲಾರಿ ಹಾಡು ಹಾಕಿಕೊಂಡು ಬಂದಾಗ ಓಣಿಯ ಹೆಂಗಸರೆಲ್ಲ ಚೀಲ ಹಿಡಿದು ಕೆಳಗೆ ಸೇರುತ್ತಾರೆ. ಓಣಿಯ ಸುದ್ದಿಯೆಲ್ಲ ಕೈಬದಲಾಗುವುದು ಅಲ್ಲೇ. ಅವಳು ಕಿಟಕಿಯ ಕಬ್ಬಿಣದ ಪಂಜರ ಹಿಡಿದು ಮೇಲಿಂದ ನೋಡುತ್ತಿದ್ದಳು. ಸುದ್ದಿ ಐದನೇ ಮಹಡಿ ಹತ್ತುವಷ್ಟರಲ್ಲಿ ಹಳಸಿರುತ್ತಿತ್ತು. ಇದನ್ನು ಮಾರಿ ನೆಲಮಟ್ಟದಲ್ಲೊಂದು ಮನೆ ಹಿಡಿಯೋಣ, ಅಷ್ಟೇ ಅವಳು ಕೇಳಿದ್ದು.

ಬಿಂಗ್-ಕುನ್ ಒಪ್ಪಿದ. ಆದರೆ ಏಜೆಂಟರಿಗೆ ನೂರಕ್ಕೆ ನಾಲ್ಕು ಕಮಿಷನ್ ಕೊಡಲು ಒಪ್ಪಲಿಲ್ಲ.

"ಮನೆ ನಂದು, ಬೀಗ ನಂದು, ಬಾಯಿ ನಂದು. ನಡುವೆ ನಿಂತು ಹಲ್ಲು ಕಿರಿಯೋಕೆ ಅವನಿಗೆ ನಾಲ್ಕು?"

ಭೂದೇವರ ಗುಡಿಗೆ ಹೋಗಿ, ಏಜೆಂಟರಿಲ್ಲದೆ ತಾನೇ ಮಾರಲೇ ಎಂದು ಶಕುನದ ಮರದ ಬಿಲ್ಲೆ ಎಸೆದು ಕೇಳಿದ. ದೇವರು ಬೇಡ ಎಂದ. ಬಿಂಗ್-ಕುನ್ ಪ್ರಶ್ನೆಯನ್ನು ಸ್ವಲ್ಪ ತಿದ್ದಿ ಮತ್ತೆ ಕೇಳಿದ. ಬೇಡ. ಇನ್ನಷ್ಟು ತಿದ್ದಿದ. ಕೊನೆಗೆ ದೇವರಿಗೂ ಸಾಕಾಗಿರಬೇಕು, ಹೂಂ ಎಂದ.

ಕೆಂಪು ಕಾಗದದ ಮೇಲೆ ದಪ್ಪ ಕುಂಚದಲ್ಲಿ ಬರೆದು ಓಣಿಯ ಕಂಬಗಳಿಗೆಲ್ಲ ಅಂಟಿಸಿದ: "ಮನೆಯ ಯಜಮಾನನೇ ಮಾರುತ್ತಾನೆ. ಏಜೆಂಟರು ತೊಂದರೆ ಕೊಡಬೇಡಿ." ತೈವಾನಿನ ಏಜೆಂಟರು ಬೇರೆ ಏನನ್ನು ಓದದಿದ್ದರೂ ಇದನ್ನು ಓದುತ್ತಾರೆ, ಮದುವೆಯ ಕರೆಯೋಲೆಯ ಹಾಗೆ. ಅಂದು ಮಧ್ಯಾಹ್ನದಿಂದಲೇ ಫೋನು ಶುರುವಾಯಿತು. ಏಜೆಂಟ್ ಎಂದರೆ ಬಾಗಿಲು ತೆರೆಯುವುದಿಲ್ಲವೆಂದು ಅವರು ಕೊಳ್ಳುವವರ ವೇಷ ಹಾಕಿ ಬಂದರು. ಒಬ್ಬ ಹೊಸದಾಗಿ ಮದುವೆಯಾದವನು, ಒಬ್ಬ ಬಿಸಿಲು ಹುಡುಕುವ ನಿವೃತ್ತ ಮೇಷ್ಟ್ರು. ಒಬ್ಬಳಂತೂ ಯಾರದೋ ಮಗುವನ್ನು ಎತ್ತಿಕೊಂಡು ಬಂದಿದ್ದಳು; ಮಗು ಅವಳ ಮುಖ ನೋಡಿದಾಗಲೆಲ್ಲ ಅಳುತ್ತಿತ್ತು.

ಬಿಂಗ್-ಕುನ್‌ಗೆ ಯೌವನ ಮರಳಿತು. ಬಂದವರನ್ನು ಕೂರಿಸಿ ಊಲಾಂಗ್ ಚಹಾ ಕೊಟ್ಟು, ಅವರು ನಾಟಕ ಪೂರ್ತಿ ಆಡುವವರೆಗೂ ತಲೆಯಾಡಿಸಿ, ಆಮೇಲೆ ಮೆಲ್ಲಗೆ ಕೇಳುತ್ತಿದ್ದ: "ಯಾವ ಕಂಪನಿ?" ನಿಜವಾಗಿ ಕೊಳ್ಳುವವನು ಮೊದಲು ನಲ್ಲಿ ತಿರುಗಿಸುತ್ತಾನೆ, ಏಜೆಂಟನಾದವನು ಮೊದಲು ಅಳತೆ ಕೇಳುತ್ತಾನೆ ಎಂಬುದು ಅವನ ಸಿದ್ಧಾಂತ. ಮರುದಿನ ಬೆಳಿಗ್ಗೆ ಸೋಯಾಹಾಲಿನ ಅಂಗಡಿಯಲ್ಲಿ, ಎಣ್ಣೆಯಲ್ಲಿ ಕರಿದ ಬಿಸಿ ಹಿಟ್ಟಿನ ಕಡ್ಡಿಯನ್ನು ಹಾಲಿಗೆ ಅದ್ದಿಕೊಂಡು, ಇಡೀ ಪ್ರಸಂಗವನ್ನು ಸ್ನೇಹಿತರ ಮುಂದೆ ಅಭಿನಯಿಸುತ್ತಿದ್ದ. ಮಗುವಿನ ಪಾತ್ರವನ್ನೂ ಬಿಡುತ್ತಿರಲಿಲ್ಲ. ಅಂಥ ಬೆಳಗು ಆ ಅಂಗಡಿಯಲ್ಲಿ ಇನ್ನು ಆಗಲಾರದು.

ಹೀಗೆ ಒಂದು ಹೊಸ ವರ್ಷ ಕಳೆದು ಇನ್ನೊಂದು ಬಂತು. ಮನೆ ಮಾರಾಟವಾಗಲಿಲ್ಲ. ಚಾಯ್-ಯೂನ್ ಕೆಳಗಿಳಿಯಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಬಂದವನು ಬಿಳಿ ಅಂಗಿ, ಕಪ್ಪು ಪ್ಯಾಂಟು, ಕನ್ನಡಿಯಂತೆ ಹೊಳೆಯುವ ಬೂಟು ಹಾಕಿದ್ದ. ಹುಟ್ಟಾ ಏಜೆಂಟನ ಉಡುಪು. ಬಂದವನೇ, "ಒಟ್ಟು ಎಷ್ಟು ಪಿಂಗ್ ಆಗುತ್ತೆ ದೊಡ್ಡಪ್ಪ?" ಎಂದು ಅಳತೆ ಕೇಳಿಬಿಟ್ಟ. ಬಿಂಗ್-ಕುನ್ ಚಹಾವನ್ನೂ ಕೊಡಲಿಲ್ಲ.

"ಯಾವ ಕಂಪನಿ?"

"ಮದುವೆ ಊಟದ ಹಾಲ್ ದೊಡ್ಡಪ್ಪ. ಬಡಿಸೋರ ಮೇಸ್ತ್ರಿ ನಾನು. ಕೆಲಸದಿಂದ ನೇರ ಬಂದೆ."

"ಊಟದ ಹಾಲ್! ಇದು ಹೊಸದು. ಏಜೆಂಟರಿಗೂ ಈಗೀಗ ಬುದ್ಧಿ ಬರ್ತಿದೆ."

"ನಿಜವಾಗ್ಲೂ ದೊಡ್ಡಪ್ಪ. ನೀವು ಹೇಳಿದ ಬೆಲೆಗೆ ಸ್ವಲ್ಪ ಕಮ್ಮಿ ಮಾಡಿದ್ರೆ..."

"ಬಾಗಿಲು ಅಲ್ಲಿದೆ. ಮೆಟ್ಟಿಲು ಇಳಿಯೋಕೆ ಕಮಿಷನ್ ಇಲ್ಲ, ಹೋಗು."

ಕಿಟಕಿಯಲ್ಲಿದ್ದ ಚಾಯ್-ಯೂನ್ ಕೆಳಗೆ ಸ್ಕೂಟರಿನ ಮೇಲೆ ಕೂತಿದ್ದ ಹುಡುಗಿಯನ್ನು ನೋಡಿದಳು. ಹುಡುಗಿ ತಲೆಯೆತ್ತಿ ಈ ಮನೆಯ ಕಿಟಕಿಗಳನ್ನೇ ನೋಡುತ್ತಿದ್ದಳು, ಪರದೆ ಯಾವ ಬಣ್ಣದ್ದು ಹಾಕೋಣ ಎಂದು ಯೋಚಿಸುವವರ ಹಾಗೆ. ಬಿಳಿ ಅಂಗಿಯವನು ಬಂದು ಏನೋ ಹೇಳಿದ. ಹುಡುಗಿಯ ಮುಖ ಬಾಡಿತು. ಇಬ್ಬರೂ ಹೊರಟುಹೋದರು.

"ಮುದಿಕೋತಿ," ಎಂದಳು ಚಾಯ್-ಯೂನ್. "ಅವನು ಏಜೆಂಟ್ ಅಲ್ಲ."

"ನಿಂಗೇನು ಗೊತ್ತು? ಆ ಬೂಟು ನೋಡಿದ್ಯಾ?"

"ನೀನು ಮನೆ ಮಾರ್ತಿಲ್ಲ. ಬಸ್ಸಲ್ಲಿ ಟಿಕೆಟ್ ಹಿಡೀತಿದೀಯ. ನಾನು ನಿನ್ನ ಬಸ್ಸಲ್ಲಿ ಸಿಕ್ಕಿಹಾಕ್ಕೊಂಡಿದೀನಿ."

ಏಜೆಂಟರು ಅಂಚೆಡಬ್ಬಿಗೆ ತುರುಕಿ ಹೋಗುವ ನುಣುಪು ಕಾಗದಗಳನ್ನು ಅವಳು ಸಿಪ್ಪೆ, ಎಲುಬು ಹಾಕಲು ಪುಟ್ಟ ಪೆಟ್ಟಿಗೆಯಾಗಿ ಮಡಿಚಿಡುತ್ತಿದ್ದಳು. ಮೇಜಿನ ಮೇಲಿದ್ದ ಅಂಥದೊಂದನ್ನು ಎತ್ತಿ, ಕಲ್ಲಂಗಡಿ ಬೀಜದ ಸಿಪ್ಪೆ ಕೊಡವಿ, ಮಡಿಕೆ ಬಿಡಿಸಿ, ಅದರಲ್ಲಿದ್ದ ನಂಬರಿಗೆ ಫೋನು ಮಾಡಿದಳು.

"ನನ್ನನ್ನ ಕೇಳದೆ?" ಎಂದು ಬಿಂಗ್-ಕುನ್ ಹೌಹಾರಿದ. "ಸಹಿ ಯಾರು ಹಾಕ್ತಾರೆ?"

"ನಾನು. ಮನೆಗೆ ಸಾಲ ಕೊಟ್ಟಿದ್ದು ನಾನು ಕೆಲಸಕ್ಕಿದ್ದ ಸಕ್ಕರೆ ಕಾರ್ಖಾನೆ. ಪತ್ರ ಇರೋದು ನನ್ನ ಹೆಸರಲ್ಲಿ. ಯಜಮಾನನೇ ಮಾರ್ತಾನೆ ಅಂತ ಊರೆಲ್ಲ ಅಂಟಿಸಿದ್ಯಲ್ಲ, ಯಾವ ಯಜಮಾನ?"

ಬಿಂಗ್-ಕುನ್ ಇದನ್ನು ಮರೆತೇಬಿಟ್ಟಿದ್ದ. ಅವತ್ತು ರಾತ್ರಿ ಊಟ ಮಾಡಲಿಲ್ಲ ಎಂದು ಹೇಳಿಕೊಂಡ. ಟರ್ಕಿಕೋಳಿ ಅನ್ನದ ಅಂಗಡಿಯವನು ಬೇರೆಯೇ ಹೇಳುತ್ತಾನೆ.

ಬಂದ ಏಜೆಂಟ್ ಯೋ ಪೇ-ಚಿನ್ ಎಂಬ ಹುಡುಗಿ. ಐದು ಮಹಡಿ ಹತ್ತಿ ಬಂದು ಏದುಸಿರಿನಲ್ಲೇ ಕೇಳಿದ ಮೊದಲ ಮಾತು, "ದೊಡ್ಡಮ್ಮ, ನೀವು ಹೇಗೆ ಇಳೀತೀರಿ?" ಎರಡು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಬಿಂಗ್-ಕುನ್ ನಾಲ್ಕನ್ನು ಎರಡಕ್ಕೆ ಇಳಿಸಲು ಗಂಟಲು ಸರಿಮಾಡಿಕೊಂಡ.

"ನಾಲ್ಕೇ ಕೊಡೋಣ," ಎಂದಳು ಚಾಯ್-ಯೂನ್.

"ಅವಳು ಬರೀ ಬಾಗಿಲು ತೆಗೀತಾಳೆ ಅಷ್ಟೇ!"

"ನೀನು ಅದನ್ನೂ ಮಾಡ್ಲಿಲ್ಲ."

ತಿಂಗಳು ತುಂಬುವುದರೊಳಗೆ ಪೇ-ಚಿನ್ ಗಿರಾಕಿ ತಂದಳು. ಹೊಳೆಯುವ ಬೂಟು. ಅದೇ ಬಡಿಸುವವರ ಮೇಸ್ತ್ರಿ, ಈ ಸಲ ಹುಡುಗಿಯ ಜೊತೆ. ಅವನು ಹೇಳಿದ ಬೆಲೆ ಆ ಭಾನುವಾರ ಹೇಳಹೊರಟಿದ್ದಕ್ಕಿಂತ ಕಡಿಮೆ.

"ಅವತ್ತು ಇನ್ನೂ ಜಾಸ್ತಿ ಕೊಡ್ತಿದ್ದೆ ದೊಡ್ಡಪ್ಪ," ಎಂದ ಸಂಕೋಚದಿಂದ. "ಈಗ ಕೊಳ್ಳೋ ನಾನೂ ಇವರಿಗೆ ನೂರಕ್ಕೆ ಎರಡು ಕೊಡಬೇಕಲ್ಲ, ಅದಕ್ಕೆ."

ಬಿಂಗ್-ಕುನ್ ಎದ್ದುಹೋಗಿ ಅವನಿಗೆ ಚಹಾ ತಂದುಕೊಟ್ಟ. ಸೋಯಾಹಾಲಿನ ಅಂಗಡಿಯಲ್ಲಿ ಈ ಒಂದು ಪ್ರಸಂಗವನ್ನು ಅವನು ಅಭಿನಯಿಸಲಿಲ್ಲ. ಸ್ನೇಹಿತರಿಗೆ ತಿಳಿದದ್ದು ಚಾಯ್-ಯೂನಳಿಂದ.

ಪೇ-ಚಿನ್ ಮಾರುಕಟ್ಟೆಯ ಹಿಂದೆ ನೆಲಮಟ್ಟದಲ್ಲಿ ಎರಡು ಕೋಣೆಯ ಮನೆಯನ್ನೂ ಹುಡುಕಿಕೊಟ್ಟಳು. ಕಳೆದ ಗುರುವಾರ ಬೆಳಿಗ್ಗೆ ಚಾಯ್-ಯೂನಳನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಲು ಇಬ್ಬರು ಗಟ್ಟಿ ಆಳುಗಳನ್ನು ಕರೆದುಕೊಂಡು ಬಂದಳು.

"ಇವರು ಯಾರು ಮಧ್ಯೆ?" ಎಂದ ಬಿಂಗ್-ಕುನ್.

"ದೊಡ್ಡಪ್ಪ, ದುಡ್ಡು ನಾನು ಕೊಟ್ಟಾಗಿದೆ."

"ದುಡ್ಡಿನ ಮಾತಲ್ಲ. ಇವಳನ್ನ ಅವಳಪ್ಪನ ಮನೆಯಿಂದ ನಾನೇ ಕರ್ಕೊಂಡು ಬಂದಿದ್ದು. ನಾನೇ ಇಳಿಸ್ತೀನಿ."

"ಬೇಡ್ವೋ, ಬೀಳ್ತೀಯ," ಎಂದಳು ಚಾಯ್-ಯೂನ್.

ಅವನು ಕೇಳಲಿಲ್ಲ. ಅವಳಿಗೆ ಎದುರಾಗಿ ನಿಂತು, ಅವಳ ಎರಡೂ ಕೈಗಳನ್ನು ತನ್ನ ಹೆಗಲ ಮೇಲೆ ಇರಿಸಿಕೊಂಡು, ಬೆನ್ನು ಹಿಂದಾಗಿ ಒಂದೊಂದೇ ಮೆಟ್ಟಿಲು ಇಳಿದ. ಆಳುಗಳು ಖಾಲಿ ಕುರ್ಚಿ ಹೊತ್ತು ಹಿಂದೆ ಬಂದರು. ಪ್ರತಿ ಮಹಡಿಯಲ್ಲೂ ನಿಂತು ಉಸಿರು ಎಳೆದುಕೊಂಡ. ಪ್ರತಿ ಮಹಡಿಯಲ್ಲೂ ಅವಳು ಬೈದಳು. ಮೂರನೇ ಮಹಡಿಯ ಮುದುಕಿ ಬಾಗಿಲು ತೆರೆದು, "ಅಯ್ಯೋ, ಚಾಯ್-ಯೂನ್! ಇನ್ನೂ ಇದೀಯೇನೇ?" ಎಂದಾಗ ಎಲ್ಲರೂ ನಕ್ಕರು; ನಗು ನಿಂತ ಮೇಲೂ ಬಿಂಗ್-ಕುನ್‌ನ ಉಸಿರು ಹತೋಟಿಗೆ ಬರಲಿಲ್ಲ. ಕುರ್ಚಿ ಇದೆ ದೊಡ್ಡಪ್ಪ ಎಂದಳು ಪೇ-ಚಿನ್. ಅವನು ಬೇಡವೆಂದು ತಲೆಯಾಡಿಸಿದ.

ಕೆಳಗಿನ ಬಾಗಿಲಿಗೆ ಬಂದಾಗ ಹೊರಗೆ ಪೇ-ಚಿನ್‌ಳ ಕಾರು ನಿಂತಿತ್ತು. ಚಾಯ್-ಯೂನ್ ಮನೆಯೊಳಗಿನ ಚಪ್ಪಲಿಯಲ್ಲೇ ಇಳಿದುಬಂದಿದ್ದಳು. ಬಿಂಗ್-ಕುನ್ ಅವಳನ್ನು ಕೊನೆಯ ಮೆಟ್ಟಿಲ ಮೇಲೆ ಕೂರಿಸಿ, ಕಂಕುಳಲ್ಲಿ ಹಿಡಿದಿದ್ದ ಚೀಲದಿಂದ ಅವಳ ಹೊರಗಿನ ಬೂಟು ತೆಗೆದ. ಮಂಡಿಯೂರಿ ಒಂದು ಕಾಲಿಗೆ ಹಾಕಿದ. ಇನ್ನೊಂದಕ್ಕೆ ಹಾಕಿ, ಪಟ್ಟಿಯನ್ನು ಬಿಗಿಯಾಯಿತೇನೋ ಎಂದು ಬಿಚ್ಚಿ, ಮತ್ತೆ ಸ್ವಲ್ಪ ಸಡಿಲವಾಗಿ ಅಂಟಿಸಿದ.