ಅಮ್ಮನ ಕಾಲದ ಗಾಳಿ

ನಮ್ಮ ಬೀದಿಯ ಮಕ್ಕಳು ಅಕ್ಕನನ್ನು ಐಸ್‌ಕ್ಯಾಂಡಿ ಅಕ್ಕ ಅಂತಲೇ ಕರೆಯುವುದು. ಭೂಮಿಯ ಕೊಟ್ಟಕೊನೆಗೆ ಹೋಗಿ, ಹಿಮವನ್ನು ಆಳಕ್ಕೆ ಕೊರೆದು ತೆಗೆದು, ಅದರೊಳಗೆ ಸಿಕ್ಕಿಬಿದ್ದ ಹಳೆಯ ಗಾಳಿಯನ್ನು ಪರೀಕ್ಷಿಸುವುದು ಅವಳ ಕೆಲಸ. ಇದಕ್ಕೂ ಸಂಬಳ ಕೊಡುತ್ತಾರಾ ಎಂದು ನಾನು ಬಹಳ ಕಾಲ ಅವಳ ಕಾಲೆಳೆದಿದ್ದೇನೆ.

ಈ ಹುಚ್ಚು ಹತ್ತಿದ್ದು ಅಪ್ಪನ ಸೈಕಲ್ ಅಂಗಡಿಯಲ್ಲಿ. ಅಪ್ಪ ಟ್ಯೂಬಿಗೆ ಗಾಳಿ ತುಂಬಿ, ಟಬ್ಬಿನ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿ ಏಳುತ್ತದೆಂದು ನೋಡಿ ಪಂಚರ್ ಹಿಡಿಯುತ್ತಿದ್ದರು. ಅಕ್ಕ ಊಟ ಬಿಟ್ಟು ಟಬ್ಬಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಗುಳ್ಳೆ ಒಡೆದ ಮೇಲೆ ಆ ಗಾಳಿ ಎಲ್ಲಿಗೆ ಹೋಯಿತು ಎಂದು ಕೇಳಿ ಕೇಳಿ ಅವರ ತಲೆ ತಿನ್ನುತ್ತಿದ್ದಳು. ಅಪ್ಪನಿಗೆ ಅವಳೆಂದರೆ ಪ್ರಾಣ.

ಅಮ್ಮ ತೀರಿಕೊಂಡಾಗ ಅಕ್ಕ ಹಿಮದ ನಡುವೆ ಇದ್ದಳು. ಚಳಿಗಾಲದ ಉದ್ದನೆಯ ಕತ್ತಲು ಇಳಿದಿತ್ತು. ಹಡಗೂ ಇಲ್ಲ, ವಿಮಾನವೂ ಇಲ್ಲ. ಸುದ್ದಿ ಕೇಳಿ ಒಬ್ಬಳೇ ಹೊರಗೆ ಹೋಗಿ ಬಯಲಲ್ಲಿ ನಿಂತಳಂತೆ. ಅವಳ ಉಸಿರು ಮುಖದ ಮುಂದೆಯೇ ಬೆಳ್ಳಗೆ ನಿಂತು, ಹೋಗಲು ಮನಸ್ಸಿಲ್ಲದವರ ಹಾಗೆ ನಿಧಾನವಾಗಿ ಚೆದುರುತ್ತಿತ್ತಂತೆ. ಇದನ್ನೆಲ್ಲ ಅಪ್ಪ ಕೇಳಿಸಿಕೊಳ್ಳಲೇ ಇಲ್ಲ. ಮಗಳ ಜೊತೆ ಮಾತು ಬಿಟ್ಟರು. ಅವಳು ಬಂದಾಗಲೆಲ್ಲ ಕಿಟಕಿ ಪೂರ್ತಿ ತೆರೆದು, ಬೀದಿ ನೋಡುತ್ತಾ ಕೂತುಬಿಡುತ್ತಿದ್ದರು. ಹಟದಲ್ಲಿ ಅಪ್ಪ ಮಗಳು ಒಂದೇ ಅಚ್ಚು. ನನಗೆ ಇಬ್ಬರ ಮೇಲೂ ಸಿಟ್ಟು. ಅಪ್ಪನ ಬಾಯಿಂದ ಒಂದು ಮಾತು ಕೇಳಬೇಕು ಎನ್ನುವುದೊಂದೇ ಅಕ್ಕನಿಗೆ ಉಳಿದಿದ್ದ ಆಸೆ.

ಈ ಸಲ ಅವಳು ಪರೀಕ್ಷೆ ಮುಗಿದು ಉಳಿದಿದ್ದ ಹಿಮದ ಚೂರೊಂದನ್ನು ಮೇಲಿನವರಲ್ಲಿ ಕೇಳಿಕೊಂಡು ಥರ್ಮಾಸಿನಲ್ಲಿ ತಂದಿದ್ದಳು. ಅದನ್ನು ಗಾಜಿನ ಲೋಟದ ನೀರಿಗೆ ಹಾಕಿ ಅಪ್ಪನ ಪಕ್ಕದ ಸ್ಟೂಲಿನ ಮೇಲಿಟ್ಟಳು.

"ಅಪ್ಪ, ಇದ್ರೊಳಗಿರೋದು ನಿಮ್ಮ ಮದುವೆ ಆದ ಕಾಲದ ಗಾಳಿ. ಅಮ್ಮ ಉಸಿರಾಡ್ತಿದ್ದಾಗಿನದು."

ಅಪ್ಪ ತಿರುಗಲಿಲ್ಲ. ಹಿಮ ಸಣ್ಣಗೆ ಚಿಟಿಚಿಟಿ ಎನ್ನತೊಡಗಿತು. ಆ ಸದ್ದಿಗೆ ಅವರ ತಲೆ ತಂತಾನೇ ಇತ್ತ ವಾಲಿತು. ಜೀವಮಾನವೆಲ್ಲ ಗುಳ್ಳೆ ಹುಡುಕಿದ ಕಣ್ಣು ಸುಮ್ಮನಿದ್ದೀತೇ? ಗುಳ್ಳೆಗಳು ಸಾಲಾಗಿ ಎದ್ದು ಬಂದು ಒಡೆಯುವುದನ್ನು ನೋಡುತ್ತಾ ಕೂತರು. ಮಧ್ಯಾಹ್ನದ ಮನೆ ನಿದ್ದೆಗೆ ಜಾರಿದಂತಿತ್ತು. ನನಗಂತೂ ಅಮ್ಮ ಒಳಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಾಳೆ ಅನ್ನಿಸಿತು.

ಹೊರಗಿನಿಂದ ಗಾಳಿ ಬೀಸಿ ಪರದೆ ಅಲುಗಿತು. ಅಪ್ಪ ಗಾಬರಿಯಿಂದ ಲೋಟದ ಬಾಯಿಗೆ ಅಂಗೈ ಮುಚ್ಚಿ, ಅಕ್ಕನ ಮುಖ ನೋಡಿದರು.

"ಕಿಟಕಿ ಹಾಕಮ್ಮ," ಎಂದರು. "ಹೊರಟುಹೋಗ್ತಾಳೆ."