ಗಂಟೆಯೊಳಗಿನ ಉಣ್ಣೆ

ನಮ್ಮ ದೇವರು ಬೀರಪ್ಪನ ಹೆಸರಲ್ಲಿ ಹೋತದ ಕೊರಳಿಗೆ ಕಟ್ಟಿದ ಗಂಟೆಯನ್ನು ಬಿಚ್ಚಬಾರದು. ನಮ್ಮ ಕುರುಬರ ಮನೆಯಲ್ಲಿ ಮೊದಲು ಈ ಕಾನೂನು, ನಿಜಾಮರದ್ದೆಲ್ಲ ಆಮೇಲೆ. ಪೋಲೀಸ್ ಆಕ್ಷನ್ನಿಗೆ ಮುಂಚೆ, ನಿಜಾಮರ ಕಡೆಯ ಬಂದೂಕಿನವರಿಗೆ ಹೆದರಿ ನಾವು ಹಿಂಡಿನ ಸಮೇತ ಮಾಗನೂರಿನ ಹತ್ತಿರ ಹೊಳೆದಂಡೆಯ ಜಾಲಿಯೊಳಗೆ ಅಡಗಿದಾಗಲೂ ಅಪ್ಪ ಅದನ್ನು ಬಿಚ್ಚಲಿಲ್ಲ. ಬಿಚ್ಚಲು ಕೈಯಿಟ್ಟವನು ಯಾಕೋ ಬಿಟ್ಟ. ಹೋತ ಕತ್ತು ಕೊಡವಿತು. ಗಂಟೆ ಸದ್ದಾಯಿತು. ಅವರು ಬಂದು ಅವ್ವನ ತಮ್ಮನನ್ನು ಎಳೆದೊಯ್ದರು. ಮಾವ ಮತ್ತೆ ಬರಲಿಲ್ಲ. ನಾನಾಗ ಹತ್ತು ವರ್ಷದ ಹುಡುಗಿ. ಅಳು ಬರಲಿಲ್ಲ, ಇವತ್ತಿಗೂ ಬಂದಿಲ್ಲ.

ಮರುದಿನವೇ ಅಪ್ಪ ಗಂಟೆಯೊಳಗೆ ಉಣ್ಣೆ ತುರುಕಿದ. ಮೇಯುವಾಗ ಅದು ಸಡಿಲಾಗಿ ಬೀಳುತ್ತಿತ್ತು. ಹಾಗಾಗಿ ದಿನಾ ಬೆಳಿಗ್ಗೆ ಕುರಿ ಬಿಡುವ ಮೊದಲು ಹೊಸ ಉಂಡೆ ತುರುಕುವುದು ಅವನ ಕೆಲಸವಾಯಿತು. ಆಕ್ಷನ್ನಿನ ಮಿಲಿಟರಿ ಬಂತು, ಬಂದೂಕಿನವರು ಕಾಲಿಗೆ ಬುದ್ಧಿ ಹೇಳಿದರು, ಮಕ್ತಲ್ ಸಂತೆಯಲ್ಲಿ ಜನ ಗಂಟಲು ಬಿಟ್ಟು ಮಾತಾಡತೊಡಗಿದರು. ಅಪ್ಪ ಮಾತ್ರ ಎರಡು ವರ್ಷ ತುರುಕುತ್ತಲೇ ಇದ್ದ. ಇನ್ನು ಸಾಕು ಬಿಡು ಎಂದವರಿಗೆ, “ಹೌದ್ರಿ, ಇನ್ನ ಯಾರು ಬರ್ತಾರ” ಎನ್ನುತ್ತಲೇ ಉಂಡೆ ಕಟ್ಟುತ್ತಿದ್ದ. ತಲೆಗೆ ತಿಳಿದದ್ದು ಕೈಗೆ ತಿಳಿದಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಸದ್ದಿಲ್ಲದ ಹಿಂಡು ದಾರಿ ತಪ್ಪಿದರೆ ಹುಡುಕುವವಳು ನಾನು ತಾನೆ! ಒಂದು ದಿನ ಉಣ್ಣೆ ಕಿತ್ತು ಬಿಸಾಕಿದೆ. ಅವನು ಹೊಸ ಉಂಡೆ ಕಟ್ಟಿ ಮತ್ತೆ ತುರುಕಿದ.

ಕೊನೆಗೆ ಒಂದು ಬೆಳಿಗ್ಗೆ ಅವ್ವ, ಉಣ್ಣೆ ಹಿಡಿದ ಅವನ ಕೈಗೆ ನೂಲುವ ಕದಿರು ಕೊಟ್ಟಳು.

“ತುರಕಬ್ಯಾಡ್ರಿ. ಅದನ್ನ ನೂಲ್ರಿ.”

ಅಪ್ಪ ನೂತ. ಮರುದಿನ ಮರೆತು ತುರುಕಿದ. ಅವ್ವ ಬಯ್ಯಲಿಲ್ಲ, ಉಣ್ಣೆ ಹೊರಗೆಳೆದು ಮತ್ತೆ ಕದಿರು ಕೊಟ್ಟಳು. ಚಳಿಗಾಲವೆಲ್ಲ ಹೀಗೇ ನಡೆಯಿತು. ಬರಬರುತ್ತ ಅವನ ಕೈ ತಾನಾಗಿಯೇ ಕದಿರು ಹುಡುಕತೊಡಗಿತು.

ಹೀಗೆ ಉಣ್ಣೆ ತುರುಕದೆ ಬಿಟ್ಟ ಒಂದು ಬೆಳಿಗ್ಗೆ, ಹೋತ ಹಟ್ಟಿಯ ಬಾಗಿಲು ದಾಟುವಾಗ ಗಂಟೆ ಸ್ಪಷ್ಟವಾಗಿ ಸದ್ದಾಯಿತು. ಅಪ್ಪ ತಟ್ಟನೆ ಅತ್ತ ತಿರುಗಿದ, ನೂಲು ಹರಿಯಿತು.

“ಅವತ್ತ ಬಿಚ್ಚಿದ್ರ ನಿನ್ನ ತಮ್ಮ ಇರ್ತಿದ್ದ” ಎಂದ. ಅಷ್ಟು ದಿನದಲ್ಲಿ ಮಾವನ ಮಾತು ತೆಗೆದದ್ದು ಅದೇ ಮೊದಲು.

ಅವ್ವ ಹರಿದ ಎಳೆಯನ್ನು ಹೊಸೆದು ಕೂಡಿಸಿದಳು.

“ಬಿಚ್ಚಬ್ಯಾಡ್ರಿ ಅಂತ ನಿಮ್ಮ ಕೈ ಹಿಡದಾಕಿ ನಾನರೀ.”

ಅಪ್ಪ ಅವಳ ಮುಖ ನೋಡಲಿಲ್ಲ. ಕದಿರು ತಿರುಗಿಸಿದ. ನಾನು ಗಂಟೆಯ ಹಿಂದೆ ಕುರಿ ಹೊಡೆದುಕೊಂಡು ಹೋದೆ.