ಹಮೀದಾಳ ಧ್ವನಿ ಮತ್ತು ಬಿಶಾಯ್

ಕೆನಾ ಪಟ್ಟಣದಲ್ಲಿ ಕೆಟ್ಟ ಹಾರ್ಡ್ ಡಿಸ್ಕಿನಿಂದ ಕಳೆದದ್ದನ್ನು ತೆಗೆದುಕೊಡುವವನು ಬಿಶಾಯ್ ಒಬ್ಬನೇ. ನನ್ನ ಅಂಗಡಿಯಲ್ಲಿ ಹನ್ನೊಂದು ವರ್ಷ ದುಡಿದ. ಮಣಿಕಟ್ಟಿನಲ್ಲಿ ಶಿಲುಬೆಯ ಹಚ್ಚೆ, ಬಾಯಲ್ಲಿ ಸದಾ ಸೂರ್ಯಕಾಂತಿ ಬೀಜ. ಮೊದಲು ಡಿಸ್ಕಿನ ನಕಲು, ಆಮೇಲೆ ನಕಲಿನ ಮೇಲೆ ರಿಪೇರಿ, ಇದು ಅವನ ಕಟ್ಟುಪಾಡು. ರಿಪೇರಿಗೆಂದು ಅಸಲು ಡಿಸ್ಕಿಗೆ ಕೈ ಹಚ್ಚಿದವನಲ್ಲ.

ಒಂದು ಮಂಗಳವಾರ ಫಿಕ್ರಿಯಾ ಕೆಟ್ಟ ಡಿಸ್ಕೊಂದನ್ನು ಹಿಡಿದು ಬಂದಳು. ಅವಳ ತಾಯಿ ಹಮೀದಾ ಸುತ್ತಲಿನ ಊರುಗಳ ಸಾವಿನ ಮನೆಗಳಲ್ಲಿ ಶೋಕದ ಹಾಡು ಹೇಳುತ್ತಿದ್ದವಳು. ಆ ಹಾಡುಗಳು ಬೇರೆ ಯಾರಿಗೂ ಬಾರವು. ಮಗಳು ಅವನ್ನೆಲ್ಲ ಧ್ವನಿಮುದ್ರಿಸಿ ಆ ಡಿಸ್ಕಿನಲ್ಲಿ ಇಟ್ಟಿದ್ದಳು. ಈಗ ಹಮೀದಾಳೇ ಇಲ್ಲ. ಬರುವ ಶುಕ್ರವಾರ ಅವಳು ತೀರಿಕೊಂಡ ನಲವತ್ತನೆಯ ದಿನ.

"ಊರೋರಿಗೆಲ್ಲ ನಮ್ಮವ್ವ ಅತ್ಲು, ಉಸ್ತಾ. ಅವಳಿಗೆ ಅಳೋಕೆ ಯಾರಿಗೂ ಹಾಡು ಬರಲ್ಲ. ಅವಳ ಧ್ವನೀನೇ ಹಾಕ್ತೀನಿ," ಎಂದಳು ನನಗೆ. ಅಂಗಡಿಯ ಯಜಮಾನನನ್ನು ಇಲ್ಲಿ ಉಸ್ತಾ ಎನ್ನುತ್ತಾರೆ.

ಬಿಶಾಯ್ ನಕಲು ಮಾಡತೊಡಗಿದ. ಒಂದು ತುಂಡು ಮಾತ್ರ ಓದಲಾಗದೆ ಉಳಿಯಿತು. "ಡಿಸ್ಕ್ ಸುಸ್ತಾಗಿದೆ. ಒಂದಿನ ತಣ್ಣಗೆ ಮಲಗಲಿ," ಎಂದು ಅದನ್ನು ಬದಿಗಿಟ್ಟ. ಅಷ್ಟರಲ್ಲಿ ನಕಲಿನ ಮೇಲೆ ರಿಪೇರಿ ಪ್ರೋಗ್ರಾಂ ಓಡಿಸಿದರೆ ಪ್ರತಿ ಸಲವೂ ಅದೇ ಜಾಗದಲ್ಲಿ ಕ್ರ್ಯಾಶ್. ಅವನು ಪ್ರೋಗ್ರಾಂ ಬಿಚ್ಚಿ ಸಾಲು ಸಾಲು ಓದುತ್ತ ಕೂತ.

"ನಿನ್ನ ನಕಲೇ ಕುಂಟು, ಅದಕ್ಕೇ ಬೀಳ್ತಿದೆ," ಎಂದೆ.

"ನಕಲಲ್ಲ ಉಸ್ತಾ, ಪ್ರೋಗ್ರಾಮೇ ಎಡವ್ತಿರೋದು. ಸ್ವಲ್ಪ ತಾಳ್ಮೆ ಸಾಲ ತಗೊಂಡು ಬನ್ನಿ ಎಲ್ಲಾದ್ರೂ."

ಗುರುವಾರ ಅವನು ಊಟಕ್ಕೆ ಹೋದಾಗ ನನ್ನ ತಲೆ ಕೆಟ್ಟಿತು. ಅಸಲು ಡಿಸ್ಕನ್ನೇ ಸಿಕ್ಕಿಸಿ ಪ್ರೋಗ್ರಾಂ ಓಡಿಸಿದೆ. ಬಿತ್ತು. ಬೈದು ಮತ್ತೆ ಓಡಿಸಿದೆ. ಮೂರನೆಯ ಸಲಕ್ಕೆ ಡಿಸ್ಕ್ ಟಕ್ ಟಕ್ ಎಂದು ಬಡಿದುಕೊಂಡು ನಿಂತೇ ಹೋಯಿತು.

ಬಿಶಾಯ್ ಬಂದು ಡಿಸ್ಕ್ ಮುಟ್ಟಿ ನೋಡಿದ. ನನ್ನ ಮುಖ ನೋಡಿ, ಮತ್ತೆ ಪ್ರೋಗ್ರಾಮಿನ ಮುಂದೆ ಕೂತ. ಸಂಜೆಗೆ ತಪ್ಪು ಹಿಡಿದ. ಒಂದು ಫೋಲ್ಡರ್ ತನ್ನ ತಾಯಿ, ಅಂದರೆ ತನ್ನನ್ನು ಒಳಗಿಟ್ಟುಕೊಂಡ ಮೇಲಿನ ಫೋಲ್ಡರ್, ತಾನೇ ಎಂದು ಬರೆದುಕೊಂಡಿತ್ತು; ಪ್ರೋಗ್ರಾಂ ಅದರ ತಾಯಿಯನ್ನು ಹುಡುಕುತ್ತ ಅಲ್ಲೇ ಸುತ್ತಿ ಸುತ್ತಿ ಬೀಳುತ್ತಿತ್ತು. ಒಮ್ಮೆ ನೋಡಿದ ಜಾಗಕ್ಕೆ ಮತ್ತೆ ಹೋಗಬೇಡ ಎಂದು ಏಳು ಸಾಲು ಸೇರಿಸಿದ. ಪ್ರೋಗ್ರಾಂ ಕೊನೆಯವರೆಗೂ ಓಡಿತು. ಆದರೆ ಹಾಡುಗಳೆಲ್ಲ ಇದ್ದದ್ದು ಓದದೆ ಉಳಿದ ಆ ತುಂಡಿನಲ್ಲಿ; ಅದನ್ನು ಓದಲು ಅಸಲು ಡಿಸ್ಕ್ ಇನ್ನಿರಲಿಲ್ಲ. ನಕಲಿನಲ್ಲಿ ಸಿಕ್ಕಿದ್ದು ಹಾಡಿನ ನಡುವಿನ ಮಾತುಗಳು.

"ಖಾಲಾ, ನನ್ನ ಆತುರದಿಂದ ಹೋಯ್ತು. ಬೈದುಬಿಡಿ," ಎಂದ ಬಿಶಾಯ್, ಫಿಕ್ರಿಯಾಗೆ. ನಾನು ಪಕ್ಕದಲ್ಲೇ ನಿಂತಿದ್ದೆ.

"ಬೈದ್ರೆ ಅವ್ವ ಹಾಡ್ತಾಳಾ ಮಗಾ? ಇರೋದನ್ನ ಕೊಡು."

ಶುಕ್ರವಾರ ನಾನು, ಬಿಶಾಯ್ ಇಬ್ಬರೂ ಫಿಕ್ರಿಯಾಳ ಮನೆಯ ಮುಂದೆ ಗಂಡಸರ ಸಾಲಿನಲ್ಲಿ, ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಕಿಟಕಿಯಿಂದ ಹಮೀದಾಳ ಧ್ವನಿ ಬಂತು. ನೀರು ಕೇಳಿದಳು. ಕೋಳಿಯನ್ನು ಗದರಿದಳು. ಗಂಟಲು ಸರಿಮಾಡಿಕೊಂಡಳು. ಅಲ್ಲಿಗೆ ನಿಂತಿತು. ಒಳಗಿನ ಹೆಂಗಸರು ಕಾದರು. ಯಾರೋ ಮುದುಕಿ ಎರಡು ಸಾಲು ಎತ್ತಿಕೊಂಡು, ಮೂರನೆಯದು ಬಾರದೆ ಸುಮ್ಮನಾದಳು.

ಬಿಶಾಯ್ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತ. ಆ ಕಿಟಕಿ ನನಗೆ ಎರಡೇ ಹೆಜ್ಜೆ ದೂರವಿತ್ತು. ಡಿಸ್ಕ್ ಕೊಂದವನು ನಾನು ಎಂದು ಹೇಳಬಹುದಿತ್ತು. ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ.